ತಪ್ಪು ತೀರ್ಪಿಗೂ ಬಾಗಿಲು ತೆರೆದಿಟ್ಟ ಆಟ: ‘ಶೆರ್ಲಾಕ್ ಹೋಮ್ಸ್: ಕ್ರೈಮ್ಸ್ ಅಂಡ್ ಪನಿಶ್‌ಮೆಂಟ್ಸ್’ ಆಡುವ ಕ್ರಮ

ಪತ್ತೇದಾರಿ ಕಥೆಗಳನ್ನು ಆಧರಿಸಿದ ವಿಡಿಯೊ ಗೇಮ್‌ಗಳಲ್ಲಿ ಬಹುಪಾಲಿನವು ಆಟಗಾರನ ಕೈಹಿಡಿದು ಅಪರಾಧಿಯ ಬಾಗಿಲವರೆಗೂ ನಡೆಸಿಕೊಂಡು ಹೋಗುತ್ತವೆ. ಸುಳಿವು ಸಿಗದಿದ್ದರೆ ಮುಂದಿನ ದೃಶ್ಯ ತೆರೆಯುವುದಿಲ್ಲ, ತಪ್ಪು ಉತ್ತರ ಕೊಟ್ಟರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಲಾಗುತ್ತದೆ, ಎಡವುತ್ತ ಮುಗ್ಗರಿಸುತ್ತ ಹೋದವನೂ ಕೊನೆಗೆ ಸರಿಯುತ್ತರದ ಮುಂದೆಯೇ ಬಂದು ನಿಲ್ಲುತ್ತಾನೆ. ಉಕ್ರೇನ್ ಮೂಲದ ಫ್ರಾಗ್‌ವೇರ್ಸ್ ಸಂಸ್ಥೆ 2014ರಲ್ಲಿ ಹೊರತಂದ ‘ಶೆರ್ಲಾಕ್ ಹೋಮ್ಸ್: ಕ್ರೈಮ್ಸ್ ಅಂಡ್ ಪನಿಶ್‌ಮೆಂಟ್ಸ್’ ಈ ದಾರಿಯನ್ನು ಹಿಡಿದಿಲ್ಲ. ಇದರಲ್ಲಿರುವ ಆರು ಪ್ರಕರಣಗಳಲ್ಲಿ ಯಾವುದರಲ್ಲಾದರೂ ನೀವು ನಿರಪರಾಧಿಯೊಬ್ಬನನ್ನು ಪೊಲೀಸರಿಗೆ ಒಪ್ಪಿಸಿ, ಕೈ ತೊಳೆದುಕೊಂಡು ಮುಂದಿನ ಪ್ರಕರಣಕ್ಕೆ ಹೋಗಿಬಿಡಬಹುದು. ಆಟ ನಿಮ್ಮನ್ನು ತಡೆಯುವುದಿಲ್ಲ.

ಮೊದಲ ಸಲ ಆಡಿದಾಗ ಮೂರನೆಯ ಪ್ರಕರಣದಲ್ಲಿ ನಾನು ಹಾಗೆಯೇ ಮಾಡಿದೆ. ಆಮೇಲೆ ತಿರುಗಿ ನೋಡಿದರೆ, ಬೇಕಾದ ಸುಳಿವುಗಳೆಲ್ಲ ನನ್ನ ಬಳಿಯೇ ಇದ್ದವು, ಒಂದನ್ನೂ ನಾನು ಬಿಟ್ಟಿರಲಿಲ್ಲ. ಎರಡನೆಯ ಶಂಕಿತನ ಮಾತಿನ ಧಾಟಿ ನನಗೆ ಹಿಡಿಸಿರಲಿಲ್ಲ, ಅಷ್ಟೆ. ಅಲ್ಲಿಂದಾಚೆಗೆ ಕಣ್ಣಿಗೆ ಬಿದ್ದ ಪ್ರತಿಯೊಂದು ವಸ್ತುವನ್ನೂ ಅವನ ವಿರುದ್ಧದ ಸಾಕ್ಷಿಯೆಂದೇ ಓದುತ್ತ ಹೋಗಿದ್ದೆ. ಈ ಆಟದಲ್ಲಿ ಸುಳಿವು ಹುಡುಕುವುದು ಸುಲಭ, ಸಿಕ್ಕಿದ ಸುಳಿವಿಗೆ ಅರ್ಥ ಹಚ್ಚುವುದನ್ನು ಮುಂದೂಡುವುದು ಕಷ್ಟ. ಮುಂದೆ ಹೇಳುವ ಕ್ರಮವೆಲ್ಲ ಆ ಎರಡನೆಯ ಕೆಲಸಕ್ಕೆ ಸಂಬಂಧಿಸಿದ್ದು.

ಶುರು ಮಾಡುವ ಮುನ್ನ

ಸಬ್‌ಟೈಟಲ್‌ಗಳನ್ನು ಆನ್ ಮಾಡಿಕೊಳ್ಳಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಈ ಮಾತು ಅನ್ವಯಿಸುತ್ತದೆ, ಏಕೆಂದರೆ ಶಂಕಿತರು ಹೇಳುವ ಹೊತ್ತು, ಸ್ಥಳ ಮತ್ತು ಹೆಸರುಗಳು ಮಾತಿನ ನಡುವೆ ಒಂದೇ ಸಲ ತೇಲಿ ಹೋಗುತ್ತವೆ. ಸಂಭಾಷಣೆಗಳು ಆಟದೊಳಗಿನ ಕೇಸ್‌ಬುಕ್‌ನಲ್ಲಿ ದಾಖಲಾಗುತ್ತವೆಯಾದರೂ, ದನಿ ಎಲ್ಲಿ ತಡವರಿಸಿತು, ಕಣ್ಣು ಯಾವಾಗ ತಪ್ಪಿಸಿತು ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ. ಕ್ಯಾಮೆರಾವನ್ನು ಹೋಮ್ಸ್‌ನ ಬೆನ್ನ ಹಿಂದೆಯೂ ಇಡಬಹುದು, ಅವನ ಕಣ್ಣಿನೊಳಗೂ ಇಡಬಹುದು. ಓಡಾಡುವಾಗ ಮೊದಲನೆಯದು ಅನುಕೂಲ, ಕೋಣೆಯನ್ನು ಶೋಧಿಸುವಾಗ ಎರಡನೆಯದು. ಒಂದು ಪ್ರಕರಣವನ್ನು ಸಾಧ್ಯವಾದಷ್ಟೂ ಒಂದೇ ದಿನದಲ್ಲಿ ಮುಗಿಸುವುದು ಒಳ್ಳೆಯದು. ವಾರದ ನಂತರ ಮರಳಿದರೆ ಸುಳಿವುಗಳು ಕೇಸ್‌ಬುಕ್‌ನಲ್ಲಿ ಭದ್ರವಾಗಿರುತ್ತವೆ, ಆದರೆ ಮನುಷ್ಯರ ಮುಖ ಮರೆತಿರುತ್ತದೆ.

ಮೂಲ ಕಥೆಗಳನ್ನು ಮೊದಲೇ ಓದಿಕೊಳ್ಳಬೇಕೇ ಎಂದು ಹಲವರು ಕೇಳುತ್ತಾರೆ. ಆರರಲ್ಲಿ ಎರಡು ಪ್ರಕರಣಗಳು, ಅಂದರೆ ಬ್ಲ್ಯಾಕ್ ಪೀಟರ್ ಮತ್ತು ಅಬೆ ಗ್ರೇಂಜ್, ಆರ್ಥರ್ ಕಾನನ್ ಡಾಯ್ಲ್ 1904ರಲ್ಲಿ ಪ್ರಕಟಿಸಿದ ಹೋಮ್ಸ್ ಕಥೆಗಳಿಂದ ನೇರವಾಗಿ ಬಂದವು. ಇಡೀ ರೈಲೇ ಕಾಣೆಯಾಗುವ ಎರಡನೆಯ ಪ್ರಕರಣ ಅವರದೇ 1898ರ ಇನ್ನೊಂದು ಕಥೆಯನ್ನು ನೆನಪಿಗೆ ತರುತ್ತದೆ. ಆ ಕಥೆಯಲ್ಲಿ ಹೋಮ್ಸ್ ಹೆಸರು ಹಿಡಿದು ಬರುವುದೇ ಇಲ್ಲ. ಇವನ್ನು ಆಡಿದ ಮೇಲೆ ಓದಿ ಎಂಬುದು ನನ್ನ ಸಲಹೆ. ಮೊದಲೇ ಓದಿದವರು ಉತ್ತರ ಗೊತ್ತಿದೆಯೆಂಬ ಭರವಸೆಯಲ್ಲಿ ಕೋಣೆಗಳನ್ನು ಸರಿಯಾಗಿ ನೋಡುವುದಿಲ್ಲ, ಆಟವಾದರೋ ಕಥೆಗೆ ಹೊಸ ಪಾತ್ರಗಳನ್ನೂ ಹೊಸ ಅನುಮಾನಗಳನ್ನೂ ಸೇರಿಸಿಕೊಂಡಿದೆ.

ಇದಕ್ಕೂ ಮುಖ್ಯವಾದ ಸಿದ್ಧತೆಯೆಂದರೆ ಪಕ್ಕದಲ್ಲಿ ಒಂದು ನೋಟ್‌ಪುಸ್ತಕ ಮತ್ತು ಪೆನ್ನು. ಕೇಸ್‌ಬುಕ್ ಇರುವಾಗ ಇದೇಕೆ ಎನಿಸಬಹುದು. ಪ್ರತಿ ಪುಟದ ನಡುವೆ ಒಂದು ಗೆರೆ ಎಳೆದು, ಎಡಗಡೆಗೆ ಕಂಡದ್ದನ್ನು ಮಾತ್ರ, ಬಲಗಡೆಗೆ ಅದು ಏನೇನಾಗಿರಬಹುದು ಎಂಬುದನ್ನು ಬರೆಯಿರಿ. ಬಲಗಡೆಯಲ್ಲಿ ಪ್ರತಿಯೊಂದಕ್ಕೂ ಕನಿಷ್ಠ ಎರಡು ಸಾಧ್ಯತೆ ಇರಲೇಬೇಕೆಂದು ನಿಮಗೆ ನೀವೇ ಕಟ್ಟುಪಾಡು ಹಾಕಿಕೊಳ್ಳಿ. ಎರಡನೆಯದು ಹೊಳೆಯದಿದ್ದರೆ ಆ ಸಾಲನ್ನು ಖಾಲಿ ಬಿಡಿ, ತುಂಬಿಸುವ ಆತುರ ಬೇಡ.

ಕೋಣೆಯನ್ನು ಓದುವ ಬಗೆ

ಮೊದಲ ಪ್ರಕರಣವನ್ನೇ ತೆಗೆದುಕೊಳ್ಳೋಣ. ಪೀಟರ್ ಕೇರಿ ಎಂಬ ನಿವೃತ್ತ ಕಪ್ತಾನ ತನ್ನ ಮನೆಯ ತೋಟದಲ್ಲಿ ಹಡಗಿನ ಕ್ಯಾಬಿನ್‌ನಂತೆಯೇ ಕಟ್ಟಿಸಿಕೊಂಡ ಗುಡಿಸಲಿನಲ್ಲಿ ಸತ್ತುಬಿದ್ದಿದ್ದಾನೆ. ತಿಮಿಂಗಿಲ ಬೇಟೆಗೆ ಬಳಸುವ ಉಕ್ಕಿನ ಹಾರ್ಪೂನ್ ಅವನ ಎದೆಯನ್ನು ಸೀಳಿ ಹಿಂದಿನ ಮರದ ಗೋಡೆಯಲ್ಲಿ ನಾಟಿಕೊಂಡಿದೆ. ಇಂಥ ದೃಶ್ಯದೊಳಗೆ ಕಾಲಿಟ್ಟ ಆಟಗಾರನ ಕಣ್ಣು ಸಹಜವಾಗಿಯೇ ಹಾರ್ಪೂನ್ ಕಡೆಗೆ ಓಡುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಬಾಗಿಲಿನಿಂದ ಆರಂಭಿಸಿ, ಗೋಡೆಯ ಗುಂಟ ಒಂದು ಸುತ್ತು ಬಂದು, ಆಮೇಲೆ ನೆಲ, ಮೇಜು, ಕಡೆಗೆ ಶವ, ಹೀಗೆ ಒಳಮುಖವಾಗಿ ಬನ್ನಿ. ಶವವನ್ನು ಮೊದಲು ನೋಡಿದವನು ಉಳಿದ ವಸ್ತುಗಳನ್ನು ಆ ಶವದ ವಿವರಣೆಯಾಗಿಯೇ ನೋಡುತ್ತಾನೆ. ಅವುಗಳಲ್ಲಿ ಕೆಲವು ಕೊಲೆಗೆ ಸಂಬಂಧವೇ ಇಲ್ಲದವೂ ಆಗಿರಬಹುದೆಂಬುದು ಅವನಿಗೆ ತೋಚುವುದಿಲ್ಲ.

ಮೂಲ ಕಥೆಯಲ್ಲಿ ಈ ಕೋಣೆಯೊಳಗೆ ಸೀಲ್ ಚರ್ಮದ ಒಂದು ತಂಬಾಕಿನ ಚೀಲ ಸಿಗುತ್ತದೆ, ಅದರ ಮೇಲೆ ‘ಪಿ.ಸಿ.’ ಎಂಬ ಎರಡು ಅಕ್ಷರಗಳಿವೆ. ಸತ್ತವನು ಪೀಟರ್ ಕೇರಿ, ಚೀಲವೂ ಪಿ.ಸಿ., ಹಾಗಾದರೆ ಚೀಲ ಅವನದೇ ಎಂದು ಇನ್‌ಸ್ಪೆಕ್ಟರ್ ನಿಶ್ಚಯಿಸಿಬಿಡುತ್ತಾನೆ. ಆದರೆ ಕೋಣೆಯಲ್ಲಿ ಹೊಗೆಸೊಪ್ಪು ಸೇದುವ ಪೈಪ್ ಇಲ್ಲ, ಕಪ್ತಾನನಿಗೆ ಸೇದುವ ಅಭ್ಯಾಸವೂ ಹೆಚ್ಚಿರಲಿಲ್ಲ. ನೋಟ್‌ಪುಸ್ತಕದ ಎಡಗಡೆಯಲ್ಲಿ ‘ಚೀಲ, ಅದರ ಮೇಲೆ ಪಿ.ಸಿ.; ಪೈಪ್ ಇಲ್ಲ’ ಎಂದಷ್ಟೇ ಬರೆದವನಿಗೆ ಬಲಗಡೆಯಲ್ಲಿ ‘ಕೇರಿಯದು’, ‘ಇನ್ನೊಬ್ಬ ಪಿ.ಸಿ.ಯದು’, ‘ಯಾರೋ ಅತಿಥಿಗೆಂದು ಇಟ್ಟುಕೊಂಡದ್ದು’ ಎಂಬ ಮೂರು ಸಾಧ್ಯತೆಗಳು ಬರೆಯಲು ಸಿಗುತ್ತವೆ. ‘ಕೇರಿಯ ಚೀಲ ಸಿಕ್ಕಿತು’ ಎಂದು ಎಡಗಡೆಯಲ್ಲೇ ಬರೆದವನ ಪ್ರಕರಣ ಅಲ್ಲಿಗೇ ಮುಚ್ಚಿತು. ಮೇಜಿನ ಮೇಲೆ ರಮ್ ಬಾಟಲಿ ಮತ್ತು ಬಳಸಿದ ಎರಡು ಲೋಟಗಳಿದ್ದವು, ಬ್ರಾಂದಿ ಮತ್ತು ವಿಸ್ಕಿಯನ್ನು ಯಾರೂ ಮುಟ್ಟಿರಲಿಲ್ಲ, ಅಪರಾತ್ರಿಯಲ್ಲೂ ಕಪ್ತಾನ ಪೂರ್ತಿ ಉಡುಪು ಧರಿಸಿದ್ದ. ಇವುಗಳಲ್ಲಿ ಒಂದೊಂದಕ್ಕೂ ಎರಡೆರಡು ಅರ್ಥ ಬರೆದು ನೋಡಿ, ಎಷ್ಟು ದೂರ ಹೋಗುತ್ತೀರಿ ಎಂದು ನಿಮಗೇ ಆಶ್ಚರ್ಯವಾಗುತ್ತದೆ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕು. ಡಾಯ್ಲ್ ಕಥೆಗಳಲ್ಲಿ ಹೋಮ್ಸ್ ನೆಲದ ಮೇಲೆ ತೆವಳಿ ಏನನ್ನೋ ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಾನೆ, ಅದೇನೆಂದು ಅವನ ಗೆಳೆಯ ವಾಟ್ಸನ್‌ಗೂ ಓದುಗನಿಗೂ ಕೊನೆಯ ಪುಟದವರೆಗೆ ತಿಳಿಯುವುದಿಲ್ಲ. ಪತ್ತೇದಾರನು ತನಗೆ ಸಿಕ್ಕ ಸುಳಿವನ್ನು ಓದುಗನಿಂದ ಮುಚ್ಚಿಡಬಾರದೆಂಬ ನಿಯಮವನ್ನು ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ ಇಂಥ ಕಥೆಗಳಿಗೆಂದು ಬರೆದ ತಮ್ಮ ಹತ್ತು ಸೂತ್ರಗಳಲ್ಲಿ ಸೇರಿಸಿದ್ದು 1929ರಲ್ಲಿ, ಹೋಮ್ಸ್ ಕಥೆಗಳ ಸರಣಿ ಮುಗಿದ ಮೇಲೆ. ಆಟದಲ್ಲಿ ಹೋಮ್ಸ್‌ನ ಕಣ್ಣೇ ನಮ್ಮ ಕಣ್ಣಾದ್ದರಿಂದ ಮುಚ್ಚಿಡಲು ಅವಕಾಶವೇ ಇಲ್ಲ. ಕಥೆಯಲ್ಲಿ ವಾಟ್ಸನ್‌ನ ಪಕ್ಕದಲ್ಲಿ ಕೂತು ಬೆರಗಾಗುತ್ತಿದ್ದವರಿಗೆ ಇಲ್ಲಿ ಆ ಸುಖ ಸಿಗುವುದಿಲ್ಲ. ತಪ್ಪಿದರೆ ತಪ್ಪು ನಮ್ಮದೇ.

ಬರಿಗಣ್ಣಿಗೆ ಕಾಣದ ಸೂಕ್ಷ್ಮಗಳನ್ನು ಎತ್ತಿ ತೋರಿಸುವ ವಿಶೇಷ ದೃಷ್ಟಿಯೊಂದನ್ನು ಆಟ ಹೋಮ್ಸ್‌ಗೆ ಕೊಟ್ಟಿದೆ. ಗುಂಡಿ ಒತ್ತಿದಾಗ ಸುತ್ತಲಿನ ಬಣ್ಣ ಮಾಸಿ, ಗಮನಿಸಬೇಕಾದ ಗುರುತು ಮಾತ್ರ ಬೆಳಗುತ್ತದೆ. ಅದನ್ನು ಪ್ರತಿ ಕೋಣೆಯಲ್ಲೂ ಕಡೆಯಲ್ಲಿ ಬಳಸಿ. ಒಳಗೆ ಕಾಲಿಟ್ಟೊಡನೆ ಅದನ್ನೇ ಒತ್ತುವವನು ಹೊಳೆಯುವ ಗುರುತುಗಳನ್ನು ಹೆಕ್ಕುವ ಕೆಲಸದವನಾಗುತ್ತಾನೆ, ಕೋಣೆಯನ್ನು ನೋಡುವುದೇ ಇಲ್ಲ.

ಮುಖ ಮತ್ತು ಮಾತು

ಹೊಸ ವ್ಯಕ್ತಿಯೊಬ್ಬರು ಎದುರಾದಾಗ ಕಾಲವನ್ನು ನಿಲ್ಲಿಸಿ, ಅವರ ಮುಖ, ಕೈ, ಬಟ್ಟೆ, ಬೂಟುಗಳ ಮೇಲೆ ಕರ್ಸರ್ ಆಡಿಸಿ ವಿವರಗಳನ್ನು ಕಲೆಹಾಕಬಹುದು. ವಾಟ್ಸನ್ ಅಫ್ಘಾನಿಸ್ತಾನದಿಂದ ಬಂದವನೆಂದು ಹೋಮ್ಸ್ ಮೊದಲ ಭೇಟಿಯಲ್ಲೇ ಹೇಳಿದ ಆ ಹಳೆಯ ಚಮತ್ಕಾರವನ್ನು ಆಟಗಾರನ ಕೈಗೆ ಕೊಡುವ ವ್ಯವಸ್ಥೆ ಇದು. ಇದರಲ್ಲಿ ಅವಸರ ಮಾಡಬೇಡಿ, ಒಂದು ವಿವರವನ್ನೂ ಬಿಡಬೇಡಿ. ಇಲ್ಲಿ ಬಿಟ್ಟುಹೋದ ಸಂಗತಿ ಮುಂದೆ ವಿಚಾರಣೆಯಲ್ಲಿ ಪ್ರಶ್ನೆಯಾಗಿ ಒದಗದೆ ಹೋಗಬಹುದು. ಕೈ ಬೆರಳು, ಕಾಲರ್ ಮತ್ತು ಬೂಟಿನ ತುದಿ ಸಾಮಾನ್ಯವಾಗಿ ಮರೆತುಹೋಗುವ ಜಾಗಗಳು.

ಆದರೆ ಈ ವಿವರಗಳೂ ಕಂಡದ್ದರ ಪಟ್ಟಿಗೇ ಸೇರಿದವು ಎಂಬುದನ್ನು ಮರೆಯಬಾರದು. ಕಪ್ತಾನ ಕೇರಿ ಹೆಂಡತಿ ಮಕ್ಕಳನ್ನು ಹೊಡೆದು ಬಡಿದು ಹಿಂಸಿಸುತ್ತಿದ್ದ ಕ್ರೂರಿ. ಅಂಥವನು ಸತ್ತಾಗ ಹೆಂಡತಿಯ ಮುಖದಲ್ಲಿ ಶೋಕಕ್ಕಿಂತ ನಿರಾಳ ಹೆಚ್ಚು ಕಂಡರೆ ಅದು ಕೊಲೆಗೆ ಕಾರಣವೂ ಆಗಬಹುದು, ಬರಿಯ ನಿರಾಳವೂ ಆಗಿರಬಹುದು. ಈ ಎರಡನ್ನು ಬೇರ್ಪಡಿಸುವ ಸಂಗತಿ ಅವಳ ಮುಖದಲ್ಲಿರುವುದಿಲ್ಲ, ಬೇರೆ ಎಲ್ಲೋ ಇರುತ್ತದೆ. ಮುಖ ನೋಡಿ ತೀರ್ಪು ಕೊಟ್ಟ ನನ್ನ ಗತಿಯನ್ನು ಆಗಲೇ ಹೇಳಿದ್ದೇನೆ.

ವಿಚಾರಣೆಯಲ್ಲಿ ಎಲ್ಲ ಪ್ರಶ್ನೆಗಳನ್ನೂ ಕೇಳಿ. ಕೇಳಿದ್ದರಿಂದ ನಷ್ಟವೇನೂ ಇಲ್ಲ. ಶಂಕಿತನು ಸುಳ್ಳು ಹೇಳಿದ ಕ್ಷಣದಲ್ಲಿ ತೆರೆಯ ಮೇಲೆ ಸೂಚನೆಯೊಂದು ಮೂಡುತ್ತದೆ, ತಕ್ಷಣ ಗುಂಡಿ ಒತ್ತಿ ಆ ಸುಳ್ಳನ್ನು ಬಯಲು ಮಾಡುವ ಸಾಕ್ಷ್ಯವನ್ನು ಆರಿಸಬೇಕು. ಅದಕ್ಕೆ ಸಿಗುವ ಸಮಯ ಕಡಿಮೆ. ಆದ್ದರಿಂದ ವಿಚಾರಣೆಗೆ ಕೂರುವ ಮುನ್ನ ಒಂದು ಸಲ ಕೇಸ್‌ಬುಕ್ ತೆರೆದು, ಆ ವ್ಯಕ್ತಿಗೆ ಸಂಬಂಧಿಸಿದ ವಿವರಗಳನ್ನು ಓದಿಕೊಂಡು ಹೋಗಿ. ಒಬ್ಬನು ಸುಳ್ಳು ಹೇಳಿ ಸಿಕ್ಕಿಬಿದ್ದನೆಂದರೆ ಅವನೇ ಕೊಲೆಗಾರನೆಂದು ತಿಳಿಯುವುದು ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು. ಈ ಆಟದಲ್ಲಿ ಹೆಚ್ಚುಕಡಿಮೆ ಎಲ್ಲರೂ ಸುಳ್ಳು ಹೇಳುತ್ತಾರೆ; ಒಬ್ಬರು ಮಾನಕ್ಕೆ ಅಂಜಿ, ಇನ್ನೊಬ್ಬರು ಹಣದ ವಿಷಯ ಮುಚ್ಚಿಡಲು, ಮತ್ತೊಬ್ಬರು ಯಾರನ್ನೋ ಕಾಪಾಡಲು. ಪುಸ್ತಕದ ಬಲಗಡೆಯಲ್ಲಿ ಬರೆಯಬೇಕಾದದ್ದು ಆ ಸುಳ್ಳಿನ ಕಾರಣಗಳನ್ನು.

ಬೇಕರ್ ಸ್ಟ್ರೀಟ್‌ನ ಹೋಮ್ಸ್ ಮನೆಯಲ್ಲಿ ರಾಸಾಯನಿಕ ಪರೀಕ್ಷೆಗೆ ಮೇಜಿದೆ, ಹಳೆಯ ಪತ್ರಿಕೆ ಪುಸ್ತಕಗಳ ಸಂಗ್ರಹವಿದೆ, ವೇಷ ಬದಲಿಸಲು ಬಟ್ಟೆಗಳಿವೆ. ಇವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಏನು ಮಾಡಬೇಕೆಂದು ಕೇಸ್‌ಬುಕ್ಕೇ ಹೇಳಿಕೊಡುತ್ತದೆ. ಬೀಗ ತೆರೆಯುವಂಥ ಕೈಚಳಕದ ಒಗಟುಗಳು ಬೇಸರ ತಂದರೆ ಅವನ್ನು ಬಿಟ್ಟು ಮುಂದೆ ಹೋಗುವ ಅವಕಾಶವಿದೆ. ಬಳಸಿಕೊಳ್ಳಲು ಸಂಕೋಚ ಬೇಡ, ತನಿಖೆಗೆ ಅದರಿಂದ ಯಾವ ಕುಂದೂ ಬರುವುದಿಲ್ಲ. ಆದರೆ ಹಂದಿಯ ಪ್ರಯೋಗವನ್ನು ಮಾತ್ರ ಬಿಡಬೇಡಿ. ಮೂಲ ಕಥೆಯಲ್ಲಿ ಹೋಮ್ಸ್ ಬೆಳ್ಳಂಬೆಳಗ್ಗೆ ಮಾಂಸದಂಗಡಿಯ ಹಿಂಭಾಗದಲ್ಲಿ ತೂಗುಹಾಕಿದ ಸತ್ತ ಹಂದಿಗೆ ಹಾರ್ಪೂನ್‌ನಿಂದ ತಿವಿದು, ಬಲವೆಲ್ಲ ಹಾಕಿದರೂ ಒಂದೇ ಏಟಿಗೆ ಅದನ್ನು ಆಚೆಗೆ ದಾಟಿಸಲಾಗದೆ ಮನೆಗೆ ಬರುತ್ತಾನೆ. ಆಟದಲ್ಲಿ ಆ ಹಾರ್ಪೂನ್ ನಿಮ್ಮ ಕೈಯಲ್ಲೇ ಇರುತ್ತದೆ. ಗೋಡೆಗೆ ನಾಟುವಷ್ಟು ಬಲವಾಗಿ ತಿವಿಯುವುದು ಯಾರಿಗೆ ಸಾಧ್ಯ ಎಂಬ ಪ್ರಶ್ನೆಗೆ ಮುಖ ನೋಡಿ ಉತ್ತರ ಹೇಳಲಾಗುವುದಿಲ್ಲ, ಹಂದಿಯನ್ನು ಕೇಳಬೇಕು. ಮುಖಭಾವ, ಮಾತು, ಅನುಮಾನಗಳ ನಡುವೆ ಹೀಗೆ ಅಳತೆಗೆ ಸಿಗುವ ಸಂಗತಿ ಪ್ರತಿ ಪ್ರಕರಣದಲ್ಲೂ ಒಂದೆರಡು ಇರುತ್ತದೆ. ಅದನ್ನು ಕಂಡುಹಿಡಿದು ನೋಟ್‌ಪುಸ್ತಕದಲ್ಲಿ ಅಡಿಗೆರೆ ಎಳೆದು ಇಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ತರ್ಕದ ಜಾಲ

ಕಲೆಹಾಕಿದ ಸುಳಿವುಗಳನ್ನು ಒಂದಕ್ಕೊಂದು ಜೋಡಿಸುವ ಪರದೆ ಈ ಆಟದ ಜೀವಾಳ. ಸುಳಿವುಗಳು ಮಾತಿನ ರೂಪದಲ್ಲಿ ಪಟ್ಟಿಯಾಗಿ ಬರುತ್ತವೆ. ಪರಸ್ಪರ ಸಂಬಂಧವುಳ್ಳ ಎರಡನ್ನು ಕೂಡಿಸಿದಾಗ ಒಂದು ನಿಗಮನ ಹುಟ್ಟಿ, ಮಿದುಳಿನ ನರಕೋಶದಂಥ ಚಿತ್ರದಲ್ಲಿ ಒಂದು ಗಂಟಾಗಿ ಕೂರುತ್ತದೆ. ಗಂಟುಗಳು ಎಳೆಗಳಿಂದ ಕೂಡಿಕೊಳ್ಳುತ್ತ ಹೋಗಿ ಕೊನೆಗೆ ಒಬ್ಬ ಅಪರಾಧಿಯ ಹೆಸರಿಗೆ ಬಂದು ನಿಲ್ಲುತ್ತವೆ. ಇಷ್ಟು ಯಾಂತ್ರಿಕ ಕೆಲಸ, ಯಾರು ಬೇಕಾದರೂ ಮಾಡಬಹುದು. ಕೆಲವು ಗಂಟುಗಳಿಗೆ ಮಾತ್ರ ಎರಡು ಮುಖಗಳಿವೆ: ಅದೇ ಸುಳಿವಿನಿಂದ ಒಂದು ಅರ್ಥವನ್ನೂ ತೆಗೆಯಬಹುದು, ಅದಕ್ಕೆ ವಿರುದ್ಧವಾದದ್ದನ್ನೂ ತೆಗೆಯಬಹುದು, ಯಾವುದನ್ನು ಆರಿಸಿಕೊಳ್ಳಬೇಕೆಂದು ಆಟ ಹೇಳುವುದಿಲ್ಲ. ಮಾಡಿದ ಆಯ್ಕೆಗಳು ಒಂದಕ್ಕೊಂದು ಹೊಂದದಿದ್ದರೆ ಎಳೆ ಕೆಂಪಾಗುತ್ತದೆ. ಹೊಂದಿಕೊಂಡವೆಂದರೆ ತೀರ್ಮಾನ ತೆರೆದುಕೊಳ್ಳುತ್ತದೆ.

ಗಮನಿಸಬೇಕಾದ ಸೂಕ್ಷ್ಮ ಇಲ್ಲೇ ಇದೆ. ಕೆಂಪು ಕಾಣಲಿಲ್ಲವೆಂದರೆ ನಿಮ್ಮ ವಾದದಲ್ಲಿ ಒಳವಿರೋಧವಿಲ್ಲ ಎಂದಷ್ಟೇ ಅರ್ಥ, ವಾದ ನಿಜವೆಂದಲ್ಲ. ಒಂದೇ ಪ್ರಕರಣದಲ್ಲಿ ಇಬ್ಬರು ಮೂವರು ಶಂಕಿತರ ಮೇಲೆ ಪ್ರತ್ಯೇಕವಾಗಿ ಒಳವಿರೋಧವಿಲ್ಲದ ವಾದಗಳನ್ನು ಕಟ್ಟಬಹುದು. ನಾನು ಮೂರನೆಯ ಪ್ರಕರಣದಲ್ಲಿ ಮೋಸಹೋದದ್ದು ಈ ಜಾಗದಲ್ಲಿ: ಎಳೆಗಳೆಲ್ಲ ಕೂಡಿಕೊಂಡ ಕೂಡಲೇ ಬಿಡಿಸಿದೆನೆಂದು ಎದ್ದುಬಿಟ್ಟೆ.

ಆದ್ದರಿಂದ ಜಾಲವನ್ನು ಹೀಗೆ ಬಳಸಿ. ತನಿಖೆ ನಡೆಯುತ್ತಿರುವಾಗ ಸುಳಿವುಗಳನ್ನು ಕೂಡಿಸುತ್ತ ಹೋಗಿ, ಆದರೆ ಎರಡು ಮುಖದ ಗಂಟುಗಳಲ್ಲಿ ಯಾವುದನ್ನೂ ಆರಿಸದೆ ಹಾಗೆಯೇ ಬಿಡಿ. ಕೇಸ್‌ಬುಕ್‌ನಲ್ಲಿ ಮಾಡಬೇಕಾದ ಕೆಲಸಗಳೆಲ್ಲ ಮುಗಿದ ಮೇಲೆ ಜಾಲಕ್ಕೆ ಮರಳಿ, ಮೊದಲು ನಿಮಗೆ ಅತ್ಯಂತ ಹೆಚ್ಚು ಅನುಮಾನವಿರುವ ಶಂಕಿತನ ವಿರುದ್ಧ ವಾದ ಕಟ್ಟಿ. ಅದು ಪೂರ್ಣವಾಯಿತೆಂದರೆ ಅಲ್ಲಿ ನಿಲ್ಲಬೇಡಿ. ಗಂಟುಗಳನ್ನು ತಿರುಗಿಸಿ ಇನ್ನೊಬ್ಬನ ವಿರುದ್ಧ ಕಟ್ಟಿ, ಆಮೇಲೆ ಮತ್ತೊಬ್ಬನ ವಿರುದ್ಧ. ಈಗ ಮೂರು ವಾದಗಳೂ ಎಲ್ಲಿ ಬೇರೆಯಾಗುತ್ತವೆ ಎಂದು ನೋಡಿ. ಬಹಳಷ್ಟು ಸಲ ಒಂದೆರಡು ಗಂಟುಗಳಲ್ಲಿ ಮಾತ್ರ ದಾರಿ ಕವಲೊಡೆಯುತ್ತದೆ. ಉಳಿದವೆಲ್ಲ ಎಲ್ಲರಿಗೂ ಸಮಾನ. ಆ ಕವಲಿನ ಗಂಟಿಗೆ ಆಧಾರವಾದ ಸುಳಿವು ಯಾವುದು, ನಿಮ್ಮ ಪುಸ್ತಕದ ಬಲಗಡೆಯಲ್ಲಿ ಅದಕ್ಕೆ ಏನೇನು ಬರೆದಿದ್ದೀರಿ, ನೀವು ಅಡಿಗೆರೆ ಎಳೆದಿಟ್ಟ ಸಂಗತಿ ಅದರಲ್ಲಿ ಯಾವುದನ್ನು ಹೊಡೆದುಹಾಕುತ್ತದೆ ಎಂದು ವಿಚಾರ ಮಾಡಿ. ಬಲದ ಪ್ರಶ್ನೆ ಹಂದಿಯ ಪ್ರಯೋಗದಿಂದ ತೀರ್ಮಾನವಾಗುವಂತೆ, ಹೆಚ್ಚಿನ ಕವಲುಗಳು ಇಂಥ ಒಂದು ಗಟ್ಟಿ ಸಂಗತಿಯಿಂದಲೇ ಇತ್ಯರ್ಥವಾಗುತ್ತವೆ.

ಅದರಿಂದಲೂ ಇತ್ಯರ್ಥವಾಗದಿದ್ದರೆ ಪ್ರತಿ ವಾದಕ್ಕೂ ಒಂದು ಪ್ರಶ್ನೆ ಕೇಳಿ: ಈ ವ್ಯಕ್ತಿಯೇ ಮಾಡಿದ್ದರೆ, ಸಿಕ್ಕ ಸುಳಿವುಗಳಲ್ಲಿ ಯಾವುದು ವಿವರಣೆಯಿಲ್ಲದೆ ಉಳಿಯುತ್ತದೆ? ಹೊರಗುಳಿದ ಸುಳಿವುಗಳು ಕಡಿಮೆಯಿದ್ದಷ್ಟೂ ವಾದ ಗಟ್ಟಿ. ಪಿ.ಸಿ. ಚೀಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಾದ ಎಷ್ಟೇ ನಯವಾಗಿದ್ದರೂ ಅದನ್ನು ಸಂಶಯದಿಂದಲೇ ನೋಡಬೇಕು.

ತೀರ್ಪು

ಅಪರಾಧಿ ಯಾರೆಂದು ಹೇಳಿದ ಮೇಲೆ ಅವನನ್ನು ಕಾನೂನಿಗೆ ಒಪ್ಪಿಸಬೇಕೇ, ಇಲ್ಲವೇ ಅವನ ಪರಿಸ್ಥಿತಿಯನ್ನು ಕಂಡು ಬಿಟ್ಟುಕಳಿಸಬೇಕೇ ಎಂಬ ಇನ್ನೊಂದು ಆಯ್ಕೆ ಎದುರಾಗುತ್ತದೆ. ಮೂಲ ಕಥೆಗಳಲ್ಲೂ ಹೋಮ್ಸ್ ಕೆಲವೊಮ್ಮೆ ಅಪರಾಧಿಯನ್ನು ಬಿಟ್ಟುಕಳಿಸಿದ್ದಾನಾದ್ದರಿಂದ ಇದು ಆಟ ತಾನೇ ಹೊಸದಾಗಿ ಅಂಟಿಸಿದ್ದಲ್ಲ. ಈ ಆಯ್ಕೆಗೆ ಸರಿಯುತ್ತರವಿಲ್ಲ, ನಿಮಗೆ ನ್ಯಾಯವೆಂದು ತೋರಿದ್ದನ್ನು ಮಾಡಿ. ಆದರೆ ಎರಡು ನಿರ್ಧಾರಗಳನ್ನೂ ಬೆರೆಸಬೇಡಿ. ಒಬ್ಬನ ಮೇಲೆ ಕನಿಕರ ಹುಟ್ಟಿತೆಂದು ಜಾಲದಲ್ಲೇ ಗಂಟು ತಿರುಗಿಸಿ ಅವನನ್ನು ಪಾರುಮಾಡುವ ಪ್ರಲೋಭನೆ ಬಂದೇ ಬರುತ್ತದೆ. ಕನಿಕರ ತೋರಲು ಆಟ ಬೇರೆಯೇ ಜಾಗ ಕೊಟ್ಟಿದೆ, ಅಲ್ಲಿಯವರೆಗೆ ಕಾಯಿರಿ.

ಇದೇ ಕ್ರಮವನ್ನು ಬೇರೆ ಆಟಗಳಿಗೆ ಒಯ್ಯುವವರು ಒಂದೆರಡು ಹೊಂದಾಣಿಕೆ ಮಾಡಿಕೊಳ್ಳಬೇಕಾಗುತ್ತದೆ. ಅದೇ ಸಂಸ್ಥೆ 2016ರಲ್ಲಿ ತಂದ ‘ದಿ ಡೆವಿಲ್ಸ್ ಡಾಟರ್’ನಲ್ಲಿ ಮುಖದ ವಿವರಗಳಿಗೂ ಎರಡೆರಡು ಅರ್ಥಗಳಿದ್ದು, ಅವುಗಳಲ್ಲೇ ತಪ್ಪಬಹುದು, ಅಲ್ಲಿ ನೋಟ್‌ಪುಸ್ತಕ ಮೊದಲ ಭೇಟಿಯಿಂದಲೇ ಬೇಕು. ತರುಣ ಹೋಮ್ಸ್‌ನನ್ನು ಕಾರ್ಡೋನಾ ಎಂಬ ಕಾಲ್ಪನಿಕ ದ್ವೀಪಕ್ಕೆ ಕರೆದೊಯ್ಯುವ 2021ರ ‘ಚಾಪ್ಟರ್ ಒನ್’ನಲ್ಲಿ ಯಾವ ಸುಳಿವಿನ ಬಗ್ಗೆ ವಿಚಾರಿಸುತ್ತಿದ್ದೀರೋ ಅದನ್ನು ಮೊದಲು ಪಿನ್ ಮಾಡಿಕೊಂಡು ಆಮೇಲೆ ಜನರ ಬಳಿ ಹೋಗಬೇಕು. ನಾನು ಅದನ್ನು ಮರೆತು, ದಾರಿಹೋಕರೆಲ್ಲರೂ ಏನೂ ಗೊತ್ತಿಲ್ಲವೆನ್ನುತ್ತಿದ್ದಾರೆಂದು ಬಹಳ ಹೊತ್ತು ಅವರ ಮೇಲೆಯೇ ಸಿಟ್ಟಾಗಿದ್ದೆ. ಅಗಾಥಾ ಕ್ರಿಸ್ಟಿಯವರ 1936ರ ಕಾದಂಬರಿಯನ್ನು ಆಧರಿಸಿ 2016ರಲ್ಲಿ ಬಂದ ‘ದಿ ಎಬಿಸಿ ಮರ್ಡರ್ಸ್’ ಆಟದ ರೀತಿಯೇ ಬೇರೆ. ಅಲ್ಲಿ ತಪ್ಪು ವ್ಯಕ್ತಿಯನ್ನು ಹಿಡಿಯುವ ಅವಕಾಶಕ್ಕಿಂತ ಪಾತ್ರದಲ್ಲಿ ಲೀನವಾಗುವುದು ಮುಖ್ಯ. ಕನ್ನಡಿ ಕಂಡಲ್ಲೆಲ್ಲ ನಿಂತು ಮುಖ ನೋಡಿಕೊಂಡರೆ, ಕ್ರಿಸ್ಟಿಯವರ ಪತ್ತೇದಾರ ಪ್ವಾರೋನ ಡೌಲಿಗೆ ತಕ್ಕಂತೆ ನಡೆದುಕೊಂಡಿರೆಂದು ಅಂಕ ಸಿಗುತ್ತದೆ.

ಇನ್ನು ‘ಕ್ರೈಮ್ಸ್ ಅಂಡ್ ಪನಿಶ್‌ಮೆಂಟ್ಸ್’ನಲ್ಲಿ ಪ್ರಕರಣ ಮುಗಿದಾಗ, ನಿಮ್ಮ ತೀರ್ಮಾನ ಸರಿಯೋ ತಪ್ಪೋ ಎಂದು ತಿಳಿಯುವ ಅವಕಾಶವೊಂದು ಕಾಣಿಸುತ್ತದೆ. ನೋಡುವುದು ಬಿಡುವುದು ನಿಮಗೆ ಬಿಟ್ಟದ್ದು. ತಪ್ಪೆಂದು ಗೊತ್ತಾದರೆ ಹಿಂದಕ್ಕೆ ಹೋಗಿ ತೀರ್ಮಾನವನ್ನು ಬದಲಿಸಲೂ ಬಹುದು. ನಾನು ಈಗ ಆರೂ ಪ್ರಕರಣಗಳು ಮುಗಿಯುವವರೆಗೆ ಆ ಗುಂಡಿಯನ್ನು ಒತ್ತುವುದಿಲ್ಲ. ಪ್ರತಿ ಪ್ರಕರಣದ ಕೊನೆಯ ಪುಟದಲ್ಲಿ ನಾನು ಹಿಡಿದವನ ಹೆಸರು, ಅದರ ಕೆಳಗೆ ಆ ವಾದದಲ್ಲಿ ವಿವರಣೆಯಿಲ್ಲದೆ ಉಳಿದ ಸುಳಿವು, ಇಷ್ಟನ್ನು ಬರೆದು ಪುಸ್ತಕ ಮುಚ್ಚುತ್ತೇನೆ. ಆರನೆಯದೂ ಮುಗಿದ ದಿನ ಎಲ್ಲವನ್ನೂ ಒಟ್ಟಿಗೆ ತೆರೆದು ನೋಡಿದರೆ, ತಪ್ಪಾದ ಪುಟಗಳಲ್ಲಿ ಆ ಕೆಳಗಿನ ಸಾಲು ಸಾಮಾನ್ಯವಾಗಿ ಉದ್ದವಾಗಿಯೇ ಇರುತ್ತದೆ.